ಸೋಮವಾರದ ಬೋರ್ಡುಗಳು

ದಹಿಸರದ ಕಂಪ್ಯೂಟರ್ ಕ್ಲಾಸಿಗೆ ಕಳಿಸಿದ್ದ ಇಪ್ಪತ್ತು ಯಂತ್ರಗಳಲ್ಲಿ ಹನ್ನೊಂದು ತಿರುಗಿ ಬಂದ ದಿನ ಅಣವೀರಪ್ಪ ಮಧ್ಯಾಹ್ನದ ಊಟ ಮಾಡಲಿಲ್ಲ. ಡಬ್ಬಿ ಬಿಚ್ಚಿದ, ರೊಟ್ಟಿಯ ಮುಖ ನೋಡಿದ, ಮತ್ತೆ ಮುಚ್ಚಿಟ್ಟ. ಸಿಟ್ಟು ಅವನಿಗೆ ಮೊದಲೇ ಮೂಗಿನ ತುದಿಯಲ್ಲಿ. ಆ ದಿನವಂತೂ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ತನ್ನನ್ನೇ ಅಣಕಿಸಿದರು ಎನ್ನುವ ಹಾಗೆ ತಿರುಗಿ ನೋಡುತ್ತಿದ್ದ.

ಅದು ಎಂಬತ್ತೊಂಬತ್ತರ ಮಳೆಗಾಲ. ಮುಂಬಯಿಯಲ್ಲಿ, ವಿಕ್ರೋಳಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆಯಲ್ಲಿ ಉದ್ದನೆಯ ಕೋಣೆ. ಅಂಥ ಕೋಣೆಗೆ ಅಲ್ಲಿ ಗಾಳಾ ಎನ್ನುತ್ತಾರೆ. ಅದರೊಳಗೆ ಹದಿನಾಲ್ಕು ಮಂದಿ ಕೂತು ಕಂಪ್ಯೂಟರ್ ಜೋಡಿಸುತ್ತಿದ್ದರು. ಮಾಲೀಕ ಸೀತಾರಾಮ ಬೆಂಗಳೂರಿನವನು, ಪವಾಯಿಯಲ್ಲಿ ಇಂಜಿನಿಯರಿಂಗ್ ಓದಿ ಇಲ್ಲೇ ಬೇರು ಬಿಟ್ಟವನು. ಸೂಪರ್‌ವೈಸರ್ ಅಣವೀರಪ್ಪ ಇಂಡಿ ತಾಲೂಕಿನವನು, ಇಪ್ಪತ್ತು ವರ್ಷ ರೇಡಿಯೊ ರಿಪೇರಿ ಮಾಡಿ ಬೆಸುಗೆಯ ಹೊಗೆ ಕುಡಿದು ಮೇಲೆ ಬಂದವನು. ಡಿಗ್ರಿ ಇಲ್ಲ ಎನ್ನುವುದು ಅವನ ಕಾಲಲ್ಲಿ ಮುರಿದುಕೊಂಡ ಮುಳ್ಳು. ಯಾರಾದರೂ ತುಳಿದಾರು ಎಂದು ತುಳಿಯುವ ಮೊದಲೇ ಕಿರುಚುವುದು ಅವನ ಅಭ್ಯಾಸ.

ಬೋರ್ಡುಗಳು ತೈವಾನಿನಿಂದ ಬರುತ್ತಿದ್ದವು. ಬೆಸುಗೆಯೆಲ್ಲ ಅಲ್ಲೇ ಮುಗಿದಿರುತ್ತಿತ್ತು, ಸಾಕೆಟ್‌ಗಳು ಮಾತ್ರ ಖಾಲಿ. ಆ ಖಾಲಿ ಸಾಕೆಟ್‌ಗಳಲ್ಲಿ ಚಿಪ್‌ಗಳನ್ನು ಒತ್ತಿ ಕೂರಿಸುವುದು ಇಲ್ಲಿಯ ಕೆಲಸ. ಕೇಳುವುದಕ್ಕೆ ಸುಲಭ. ಮೆಮರಿ ಚಿಪ್ ಎಂದರೆ ಚಿಕ್ಕ ಕರಿ ಜಿರಳೆಯ ಹಾಗೆ, ಎರಡು ಕಡೆ ಎಂಟೆಂಟು ಕಾಲು. ಒಂದು ಕಾಲು ಹೊಟ್ಟೆಯ ಕೆಳಗೆ ಮಡಚಿಕೊಂಡರೂ ಇಡೀ ಯಂತ್ರ ಮೂಕ. ಒಂದು ಬೋರ್ಡಿಗೆ ಇಂಥವು ಮೂವತ್ತಾರು. ಆ ಮೂವತ್ತಾರನ್ನೂ ಕೂರಿಸುವವಳು ಇಂದ್ರಾಬಾಯಿ.

ಇಂದ್ರಾಬಾಯಿಯೂ ಇಂಡಿ ಕಡೆಯವಳೇ. ಗಂಡ ಚಂದ್ರಾಮ ಪವಾಯಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅವಳೂ ಎರಡು ವರ್ಷ ಅಲ್ಲೇ ಇಟ್ಟಿಗೆ ಹೊತ್ತಿದ್ದಳು. ಒಮ್ಮೆ ಅವರ ಮನೆಯ ಮುಂದೆ ಒಣಗಲು ಹಾಕಿದ್ದ ಕೌದಿಯನ್ನು ಅಣವೀರಪ್ಪ ನೋಡಿದ. ಅಕ್ಕಿಕಾಳಿನಷ್ಟು ಹೊಲಿಗೆ, ಈ ತುದಿಯಿಂದ ಆ ತುದಿಗೆ ಒಂದೇ ಅಳತೆ. ಈ ಕೈಗೆ ಇಟ್ಟಿಗೆ ಯಾಕೆ ಎಂದು ಅವನೇ ಕರೆತಂದು ಕೂರಿಸಿದ್ದ. ಮೊದಲ ದಿನ ಬೋರ್ಡು ಮುಂದಿಟ್ಟು ಪಾಠವನ್ನೂ ಅವನೇ ಮಾಡಿದ್ದ.

"ಇದಕ್ಕ ಮದರ್‌ಬೋರ್ಡ್ ಅಂತಾರ. ಎಲ್ಲಾರೂ ಇದರ ಮ್ಯಾಲ ಕುಂತು ಉಣ್ಣವರು, ಅದಕ್ಕ ತಾಯಿ. ಈ ಉದ್ದಂದು ಪ್ರೊಸೆಸರ್. ಲೆಕ್ಕ ಮಾಡಾಂವ. ಭಾಳ ಜೋರ, ಆದರ ನೆನಪ ಕಡಿಮಿ. ಈ ತಗಡಿನ ಡಬ್ಬಿ ಕ್ರಿಸ್ಟಲ್. ಇದು ತಾಳ ಹಾಕತದ, ಎಲ್ಲಾರೂ ಅದೇ ತಾಳಕ್ಕ ಕುಣೀಬೇಕು. ಚೀಟಿ ಹಚ್ಚಿದ್ದು ಬಯಾಸ್. ಕರೆಂಟ್ ಹೋದ್ರೂ ಕಲತದ್ದ ಮರಿಯಂಗಿಲ್ಲ. ಮುಂಜಾನೆ ಯಂತ್ರ ಎಬ್ಬಿಸಿ, ಏಳು, ಇದು ನಿನ್ನ ಕೈ, ಇದು ನಿನ್ನ ಕಾಲು ಅಂತ ಹೇಳಾದು ಇದೇ. ಈ ಕರೀ ಸಂದಿಗೊಳು ಸ್ಲಾಟ್, ಹೊರಗಿನ ಕಾರ್ಡ್ ಬಂದು ಕುಂದರಾ ಜಾಗಾ. ಮತ್ತ ಈ ಮೂಲ್ಯಾಗಿನ ನಾಕ ಸಾಲು ನಿಂದು. ಮೆಮರಿ. ಕರೆಂಟ್ ಇರೋತನಾ ನೆನಪ, ಆರಿದ್ರ ಎಲ್ಲಾ ಮರವು. ಒಂದಕ್ಷರ ನೆನಪಿಡಾಕ ಎಂಟು ಚಿಪ್ ಬೇಕು. ಆದ್ರ ಒಂದ ಸಾಲಿಗೆ ಒಂಬತ್ತ ಚಿಪ್."

"ಒಂದಕ್ಷರಕ್ಕ ಎಂಟು ಅಂತ ಆಗಳೇ ಅಂದ್ರೆಲ್ಲಾ ಅಣ್ಣಾರ, ಒಂಬತ್ತ ಯಾಕ?"

"ಎಂಟು ಮಾತಾಡತಾವ. ಒಂಬತ್ತನೇದು ಅವು ಖರೇ ಹೇಳತಾವೋ ಸುಳ್ಳ ಹೇಳತಾವೋ ಕಾಯತದ. ಎಂಟರಾಗ ಒಂದು ತಪ್ಪಿದ್ರೂ ಯಂತ್ರಾನೇ ನಿಲ್ಲಿಸಿಬಿಡತದ."

"ನಮ್ಮ ಅತ್ತಿ ಇದ್ದಂಗ ಅನ್ರಿ," ಎಂದಿದ್ದಳು ಇಂದ್ರಾಬಾಯಿ. ಅಣವೀರಪ್ಪ ಗಾಳಾದಲ್ಲಿ ನಕ್ಕಿದ್ದನ್ನು ಜನ ಕಂಡದ್ದು ಅದೇ ಮೊದಲು. ಮೂರು ವರ್ಷದಲ್ಲಿ ಅವಳು ಕೂರಿಸಿದ ಚಿಪ್ಪಿನ ಕಾಲು ಮಡಚಿದ್ದು ಎರಡೋ ಮೂರೋ ಸಲ. ಅದನ್ನೂ ಅವಳೇ ಹಿಡಿದು ತಂದು ತೋರಿಸಿದ್ದಳು.

ಈಗ ಹನ್ನೊಂದು ಬೋರ್ಡು ಸತ್ತು ಬಂದಿದ್ದವು. ಇಲ್ಲಿ ಪರೀಕ್ಷೆಯಲ್ಲಿ ಪಾಸಾಗಿ ಹೋದಂಥವು, ದಹಿಸರದಲ್ಲಿ ಎರಡು ಮೂರು ವಾರ ನಡೆದು, ಪಾಠದ ನಡುವೆ ಪರದೆಯ ಮೇಲೆ ಮೆಮರಿ ತಪ್ಪಿದೆ ಎಂದು ಬರೆದು ನಿಂತುಬಿಟ್ಟಿದ್ದವು. ಪ್ರತಿ ಬೋರ್ಡಿನ ಬೆನ್ನಿಗೂ ಒಂದು ಚೀಟಿ ಅಂಟಿಸುವ ಪದ್ಧತಿಯಿತ್ತು: ತಾರೀಖು, ಕೂರಿಸಿದವರ ಗುರುತು. ಅಣವೀರಪ್ಪ ಒಂದೊಂದೇ ಚೀಟಿ ಓದಿ ಕ್ಯಾಲೆಂಡರ್ ನೋಡಿದ. ಹನ್ನೊಂದಕ್ಕೆ ಹನ್ನೊಂದೂ ಸೋಮವಾರದವು. ಉಳಿದ ವಾರದ ಒಂದು ಬೋರ್ಡೂ ಕೆಟ್ಟಿರಲಿಲ್ಲ.

ಅಷ್ಟು ಸಾಕಾಯಿತು ಅವನಿಗೆ. ಶನಿವಾರ ಮೂರು ಗಂಟೆಗೆ ಎಲ್ಲರೆದುರು ಅವಳ ಟೇಬಲ್ಲಿಗೆ ಹೋಗಿ ನಿಂತ. ಗಾಜಿನ ಕ್ಯಾಬಿನ್ನಿನ ಬಾಗಿಲಲ್ಲಿ ಸೀತಾರಾಮ ಕೈ ಕಟ್ಟಿ ನಿಂತಿದ್ದ.

"ಹನ್ನೊಂದೂ ಸೋಮವಾರದ್ದು. ಐತವಾರ ಸೂಟಿ ಅಂತ ಊರೆಲ್ಲಾ ಅಡ್ಡಾಡೋದು, ಸೋಮವಾರ ನಿದ್ದಿಗಣ್ಣಾಗ ಬಂದು ಕುಂದರೋದು. ಹೌದಿಲ್ಲೋ?"

"ಇಲ್ರಿ ಅಣ್ಣಾರ. ನಾ ನಿದ್ದಿಗಣ್ಣಾಗ ಬಂದಿಲ್ಲ."

"ಹಂಗಾರ ಸೋಮವಾರ ಏನ ದೆವ್ವ ಬಂದು ಮಾಡಿ ಹೋಗತದೇನ?"

ಇಂದ್ರಾಬಾಯಿ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. "ಯಾವ ಚಿಪ್ ತಪ್ಪ ಕುಂದರಸೀನಿ, ಯಾವ ಕಾಲ ಮಡಚೇದ, ತೋರಸ್ರಿ. ತೋರಿಸಿದ್ರ ಈಗ ಎದ್ದ ಹೋಗತೀನಿ."

ತೋರಿಸುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ. ಬೆಳಗ್ಗೆಯಿಂದ ನೋಡಿದ್ದ, ಒಂದು ಕಾಲೂ ಮಡಚಿರಲಿಲ್ಲ, ಒಂದು ಚಿಪ್ಪೂ ತಿರುಗುಮುರುಗಾಗಿರಲಿಲ್ಲ. ಕೈಯಲ್ಲಿ ಸಾಕ್ಷಿ ಇಲ್ಲದವನ ಗಂಟಲು ದೊಡ್ಡದಾಗುತ್ತದೆ. ಅವನು ಅವಳನ್ನು ಬಿಟ್ಟು ಉಳಿದವರ ಕಡೆ ತಿರುಗಿ ಹೇಳಿದ: "ಎಂಥೆಂಥವರ ಕೈಗೆ ಎಂಥಾ ಕೆಲಸ ಕೊಟ್ಟೆ ನೋಡ್ರಿ, ನನಗ ಬುದ್ಧಿ ಇಲ್ಲ. ಇಂಥವರ ಕೈ ತಾಗಿದ ಮ್ಯಾಲ ಯಂತ್ರ ಹ್ಯಾಂಗ ಉಳೀತಾವ."

ಇಂಥವರು ಎಂದರೆ ಯಾರು ಎಂದು ಅಲ್ಲಿ ಕನ್ನಡ ಬಲ್ಲವರಿಗೆಲ್ಲ ತಿಳಿಯಿತು. ಬಾರದವರಿಗೆ ದನಿಯಿಂದ ತಿಳಿಯಿತು. ಊರಲ್ಲಿ ಅವಳ ಮನೆ ಯಾವ ಕೇರಿಯಲ್ಲಿ, ಅವನ ಮನೆ ಯಾವ ಓಣಿಯಲ್ಲಿ ಎನ್ನುವುದನ್ನು ಇಬ್ಬರೂ ಮೂರು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ತಂದಿರಲಿಲ್ಲ. ಆಡಿದ ಕೂಡಲೇ ಅವನ ನಾಲಿಗೆಯೇ ಕಹಿಯಾಯಿತು. ಆದರೆ ಸಿಟ್ಟಿನಲ್ಲಿದ್ದವನು ಕಹಿಯನ್ನು ಉಗುಳುವುದಿಲ್ಲ, ಅಗಿದು ಅಗಿದು ನುಂಗುತ್ತಾನೆ. ಮೂರ್ಖತನಕ್ಕೆ ಇದಕ್ಕಿಂತ ಬೇರೆ ಹೆಸರು ನನಗೆ ಗೊತ್ತಿಲ್ಲ.

ಇಂದ್ರಾಬಾಯಿ ಅಳಲಿಲ್ಲ. ಉಳಿದ ಚಿಪ್‌ಗಳನ್ನು ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು, ಸೆರಗು ಸರಿಮಾಡಿಕೊಂಡಳು. "ಆತ್ರಿ, ಸಾಹೇಬರ," ಎಂದಳು. ಮೂರು ವರ್ಷ ಅಣ್ಣಾರ ಎಂದು ಕರೆದಿದ್ದ ಬಾಯಿ ಅದು.

ಅವಳು ಮೆಟ್ಟಿಲಿಳಿದ ಮೇಲೆ ಸೀತಾರಾಮ ಕ್ಯಾಬಿನ್ನಿಗೆ ಹೋಗಿ ದಹಿಸರಕ್ಕೆ ಫೋನ್ ಮಾಡಿದ. ಎಚ್ಚರಿಕೆಯಿಲ್ಲದ ಕೆಲಸದವಳನ್ನು ತೆಗೆದುಹಾಕಿದ್ದೇವೆ, ಇನ್ನು ಇಂಥದ್ದು ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ಹೊರಗೂ ಕೇಳಿಸಿತು.

ಭಾನುವಾರ ಬೆಳಗ್ಗೆ ಅಣವೀರಪ್ಪ ಬೀಗದ ಕೈ ತೆಗೆದುಕೊಂಡು ಒಬ್ಬನೇ ಗಾಳಾಕ್ಕೆ ಬಂದ. ಪಶ್ಚಾತ್ತಾಪ ಪಟ್ಟು ಬಂದ ಎಂದು ಯಾರೂ ಅವನಿಗೆ ಪುಣ್ಯ ಕಟ್ಟಬೇಕಾಗಿಲ್ಲ. 'ತೋರಸ್ರಿ' ಎಂದಿದ್ದಳಲ್ಲ, ಆ ಒಂದು ಮಾತು ರಾತ್ರಿಯೆಲ್ಲ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್ಗುಟ್ಟಿತ್ತು. ಅವಳ ತಪ್ಪನ್ನು ಹುಡುಕಿ, ಕಣ್ಣಿಗೆ ಬೀಳದೆ ಉಳಿದ ಆ ಒಂದು ಚಿಪ್ಪನ್ನು ಅವಳ ಮುಖಕ್ಕೆ ಹಿಡಿಯಬೇಕೆಂದೇ ಬಂದಿದ್ದ.

ಮೊದಲ ಬೋರ್ಡು ಹಚ್ಚಿದ. ಕರೆಂಟಿನ ವೈರು ನೋಡಿದ. ಎರಡೂ ಪ್ಲಗ್ಗಿನ ಕರಿ ವೈರು ನಾಲ್ಕೂ ಬರಬೇಕಾದ ಹಾಗೆ ನಡುವೆ ಬಂದಿದ್ದವು, ಸರಿ. ಕ್ರಿಸ್ಟಲ್ ತಾಳ ಹಾಕುತ್ತಿತ್ತು. ಬಯಾಸ್ ಯಂತ್ರವನ್ನು ಎಬ್ಬಿಸಿತು, ಪ್ರೊಸೆಸರ್ ಮೆಮರಿ ಎಣಿಸುತ್ತ ಹೋಯಿತು, ನಡುವೆ ಥಟ್ಟನೆ ನಿಂತು ಪರದೆಯ ಮೇಲೆ ಅಂಕಿ ತೋರಿಸಿತು. ಆ ಅಂಕಿಯಿಂದ ಯಾವ ಸಾಲಿನ ಯಾವ ಚಿಪ್ ಎಂದು ಲೆಕ್ಕ ಹಾಕಬಹುದು. ಲೆಕ್ಕ ಹಾಕಿದ, ಆ ಚಿಪ್ ಕಿತ್ತ, ಒಳ್ಳೆಯ ಬೋರ್ಡಿಗೆ ಹಾಕಿ ನೋಡಿದ. ಅಲ್ಲಿ ಅದು ಒಂದು ತಪ್ಪೂ ಇಲ್ಲದೆ ನಡೆಯಿತು. ಚಿಪ್ಪಿಗೆ ಏನೂ ಆಗಿಲ್ಲ, ಕೂರಿಸಿದ್ದರಲ್ಲಿಯೂ ತಪ್ಪಿಲ್ಲ.

ಎರಡನೆಯದು, ಮೂರನೆಯದು, ಆರನೆಯದು. ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಹಾಳೆಯ ಮೇಲೆ ಬರೆದುಕೊಂಡಿದ್ದನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದ. ಒಳಗಿನ ಮೊದಲ ಸಾಲು ಯಾವ ಬೋರ್ಡಿನಲ್ಲೂ ಕೆಟ್ಟಿರಲಿಲ್ಲ. ಅಂಚಿನ ಕಡೆಯ ಮೂರು ಸಾಲಿನಲ್ಲೇ ರೋಗ, ಅದೂ ಎಡಗಡೆಯ ನಾಲ್ಕೈದು ಸಾಕೆಟ್ಟಿನಲ್ಲಿ. ನಿದ್ದೆಗಣ್ಣಿನವಳು ಇಷ್ಟು ಶಿಸ್ತಾಗಿ ತಪ್ಪು ಮಾಡುವುದುಂಟೆ?

ಭೂತಗನ್ನಡಿ ಹಿಡಿದು ಖಾಲಿ ಸಾಕೆಟ್ಟಿನೊಳಗೆ ಸೂಜಿ ಹಾಕಿ ಕೆದಕಿದ. ಒಂದಿಷ್ಟು ಬಿಳಿ ಕೆಸರು ಬಂತು. ಅದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಹೊಸಕಿದ. ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ಸ್ನಾನ ಮಾಡಿ ಹೊಸಕುತ್ತಿದ್ದ ಬೆರಳು ಅವು. ಅವಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಿಭೂತಿ.

ಅವನು ಬಲಗೈಯ ಮೂರು ಬೆರಳು ಚಾಚಿ ಬೋರ್ಡಿನ ಮೂಲೆಯ ಮೇಲಿಟ್ಟ. ಮೂರು ಬೆರಳು, ಮೂರು ಸಾಲು. ಅಳತೆ ಮಾಡಿಸಿದ ಹಾಗೆ ಕೂತವು.

ಆ ವರ್ಷದ ಯುಗಾದಿಯಿಂದ ಪ್ರತಿ ಸೋಮವಾರ ಕೆಲಸ ಶುರುವಾಗುವ ಮೊದಲು ಆ ದಿನದ ಎಂಟು ಬೋರ್ಡುಗಳನ್ನು ಸಾಲಾಗಿ ಇಟ್ಟು, ಅಂಗೈಯಲ್ಲಿ ನೀರು ಹಾಕಿ ವಿಭೂತಿ ಕಲಸಿ, ಒಂದೊಂದಕ್ಕೂ ಮೂರು ಪಟ್ಟೆ ಎಳೆಯುವುದು ಅಣವೀರಪ್ಪನ ನೇಮ. ಶಿವನ ವಾರ, ಹೊಟ್ಟೆಗೆ ಅನ್ನ ಕೊಡುವ ತಾಯಿ. ಬೋರ್ಡಿನ ಮೇಲೆಲ್ಲ ನೆಟ್ಟಗೆ ನಿಂತ ಪಾರ್ಟುಗಳು, ಚಪ್ಪಟೆಯಾಗಿ ಬೆರಳೆಳೆಯಲು ಬರುವ ಜಾಗ ಅದೊಂದೇ ಮೂಲೆ. ಎಲ್ಲರೂ ಎದ್ದು ಕೈ ಮುಗಿಯುತ್ತಿದ್ದರು. ಸೀತಾರಾಮನೂ ಬೂಟು ಬಿಚ್ಚಿ ಬಂದು ನಿಲ್ಲುತ್ತಿದ್ದ. ಒಣಗಿದ ಮೇಲೆ ಬ್ರಶ್ಶಿನಿಂದ ಒರೆಸಿ ಇಂದ್ರಾಬಾಯಿಯ ಟೇಬಲ್ಲಿಗೆ ಸರಿಸುವವನೂ ಇವನೇ. ಬ್ರಶ್ಶಿಗೆ ಮೇಲಿನದು ಸಿಕ್ಕಿತು, ತೂತಿನೊಳಗೆ ಇಳಿದದ್ದು ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ನಡೆಯಿತು. ಮುಂಬಯಿಯ ಮಳೆಗಾಲದಲ್ಲಿ ಬೂದಿ ತೇವ ಕುಡಿದು, ಚಿಪ್ಪಿನ ಕಾಲಿಗೂ ಸಾಕೆಟ್ಟಿಗೂ ನಡುವೆ ಕಿಲುಬು ಎಬ್ಬಿಸಿತು. ವಿಭೂತಿಯದೇನು ತಪ್ಪು? ಹಣೆಗೆ ಹಚ್ಚುವುದನ್ನು ಸಾಕೆಟ್ಟಿಗೆ ಹಚ್ಚಿದವನ ತಪ್ಪು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದ. ಅಣವೀರಪ್ಪನಿಗೆ ಈಗ ಬಂದ ಸಿಟ್ಟಿನ ಮುಂದೆ ನಿನ್ನೆಯದು ಏನೂ ಅಲ್ಲ. ಬೈಯಬೇಕಾದವನು ಎದುರಿಗಿಲ್ಲ, ಒಳಗೇ ಇದ್ದಾನೆ. ಕುರ್ಚಿಯನ್ನು ಒದ್ದ, ಕಾಲಿಗೇ ಪೆಟ್ಟಾಯಿತು. ಕುಂಟುತ್ತ ಹೋಗಿ ಸೀತಾರಾಮನ ಮನೆಗೆ ಫೋನ್ ಹಚ್ಚಿದ, ಎಲ್ಲ ಹೇಳಿದ.

ಸೀತಾರಾಮ ಹೇಳಿದ: "ಅಣವೀರಪ್ಪನವ್ರೇ, ಕಾರಣ ಗೊತ್ತಾಯ್ತಲ್ಲ, ಒಳ್ಳೇದಾಯ್ತು. ಸಾಕೆಟ್ ಕ್ಲೀನ್ ಮಾಡ್ಸಿ ಕಳಿಸ್ಬಿಡೋಣ. ಆದ್ರೆ ಇದನ್ನೆಲ್ಲ ಹೊರಗೆ ಹೇಳೋಕಾಗತ್ತಾ? ಪೂಜೆ ಮಾಡಿ ಬೋರ್ಡ್ ಕೆಡಿಸಿದ್ರು ಅಂದ್ರೆ ನಗ್ತಾರೆ ಕಣ್ರೀ. ಅವಳನ್ನ ತೆಗೆದಿದೀವಿ ಅಂತ ಹೇಳಿಯಾಗಿದೆ. ಹಾಗೇ ಇರ್ಲಿ ಬಿಡಿ. ಅವಳಿಗೇನು, ಬೇರೆ ಕಡೆ ಕೂಲಿ ಸಿಗತ್ತೆ."

"ಕೂಲಿ ಸಿಗತದ್ರಿ," ಎಂದ ಅಣವೀರಪ್ಪ. "ಹೆಸರ ಸಿಗತದೇನ್ರಿ? ನಿಮ್ಮ ಮಂದಿ ನಗತಾರಂತ ಅಕೀ ಇಟ್ಟಂಗಿ ಹೊರಬೇಕೇನ್ರಿ?" ಫೋನನ್ನು ಕುಕ್ಕಿದ. ಮಾಲೀಕನ ಮೇಲೆ ದನಿ ಎತ್ತಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅದರಲ್ಲೂ ಅರ್ಧ ಸಿಟ್ಟು ತನ್ನ ಮೇಲಿನದು.

ಮಳೆಯಲ್ಲೇ ಪಾರ್ಕ್‌ಸೈಟಿನ ಗುಡ್ಡ ಹತ್ತಿ ಇಂದ್ರಾಬಾಯಿಯ ಮನೆಗೆ ಹೋದ. ಅವಳು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ, ಮೊರ ಕೆಳಗಿಡಲಿಲ್ಲ. ಅವನು ಛತ್ರಿ ಮಡಚದೆ ನಿಂತೇ ಎಲ್ಲ ಹೇಳಿದ: ಮೂರು ಸಾಲು, ಮೂರು ಬೆರಳು, ಸೋಮವಾರ. ತಪ್ಪಾತು ಎಂದ. ಕೆಲಸಕ್ಕೆ ಬಾ ಎಂದ.

ಇಂದ್ರಾಬಾಯಿ ಮೊರದಲ್ಲಿನ ಹರಳು ಆರಿಸಿ ಎಸೆದಳು. "ಬೈಯುವಾಗ ಹದಿಮೂರ ಮಂದಿ ಮುಂದ ಬೈದ್ರಿ, ಸಾಹೇಬರ. ತಪ್ಪಾತು ಅನ್ನಾಕ ಒಬ್ರೇ ಬಂದೀರಿ."

ಅವಳು ಮುಂದುವರಿಸಿದಳು. ದನಿ ಎತ್ತಲಿಲ್ಲ, ಅದೇ ಹೆಚ್ಚು ಉರಿಯಿತು. "ನಿನ್ನಿ ಚಂದ್ರಾಮಗ ನಾ ಏನ ಹೇಳಲಿ? ಕೆಲಸ ಹೋತು ಅಂತ ಹೇಳಿದೆ. ಯಾಕ ಹೋತು ಅಂತ ಹೇಳಾಕ ಬಾಯಿ ಬರಲಿಲ್ಲ. ಊರು ಬಿಟ್ಟು ಇಷ್ಟ ದೂರ ಬಂದದ್ದು ಆ ಮಾತು ಕೇಳಬಾರದಂತ. ನಾಳೆ ಎಂಟೂವರಿಗೆ ಬರತೀನಿ. ಕೆಲಸಕ್ಕಲ್ಲ. ಕೇಳಾಕ."

ಸೋಮವಾರ ಎಂಟೂವರೆಗೆ ಎಂಟು ಬೋರ್ಡು, ಈ ಸಲ ವಿಭೂತಿಯಿಲ್ಲದೆ, ಟೇಬಲ್ಲಿನ ಮೇಲಿದ್ದವು, ಎಲ್ಲರೂ ಎದ್ದು ನಿಂತಿದ್ದರು. ಇಂದ್ರಾಬಾಯಿ ಬಾಗಿಲಲ್ಲಿ ನಿಂತಿದ್ದಳು, ಚಪ್ಪಲಿ ಬಿಚ್ಚದೆ. ಸೀತಾರಾಮ ಕ್ಯಾಬಿನ್ನಿನಿಂದ ಬಂದು ಅಣವೀರಪ್ಪನ ಮೊಣಕೈ ಹಿಡಿದು, "ಈಗ ಬೇಡ, ಒಳಗೆ ಬನ್ನಿ ಮಾತಾಡೋಣ," ಎಂದ. ಅಣವೀರಪ್ಪ ಮೊಣಕೈ ಕೊಡವಿಕೊಂಡ.

ಅವನಿಗೆ ಬರುತ್ತಿದ್ದದ್ದು ಒಂದೇ ದನಿ. ಆ ಬೈಯುವ ದನಿಯಲ್ಲೇ ತನ್ನ ತಪ್ಪನ್ನು ಒಪ್ಪಿಕೊಂಡ. ಕೆಟ್ಟ ಬೋರ್ಡನ್ನು ಎತ್ತಿ ಹಿಡಿದು, ಮೂರು ಬೆರಳಿಟ್ಟು ತೋರಿಸಿ, ಕನ್ನಡದಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಕೂಗಿ ಹೇಳಿದ: ಹನ್ನೊಂದೂ ಬೋರ್ಡು ಕೆಡಿಸಿದ್ದು ನಾನು, ಇಂದ್ರಾಬಾಯಿಯ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ, ದಹಿಸರಕ್ಕೂ ನಾನೇ ಫೋನ್ ಮಾಡಿ ಹೇಳುತ್ತೇನೆ. ಹೇಳಿ ಮುಗಿಸಿ ಉಸಿರು ಬಿಟ್ಟ. ಇಷ್ಟಕ್ಕೆ ಮುಗಿಯಿತು ಎಂದುಕೊಂಡ.

"ಅದು ಬೋರ್ಡಿನ ಮಾತಾತು," ಎಂದಳು ಇಂದ್ರಾಬಾಯಿ ಬಾಗಿಲಿನಿಂದ. "ನನ್ನ ಕೈ ಮಾತು ಹೇಳಲಿಲ್ಲ."

ಅಣವೀರಪ್ಪ ಬೋರ್ಡನ್ನು ಕೆಳಗಿಟ್ಟ. ಬೂದಿಯನ್ನು ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಅದಕ್ಕೆ ಮಳೆ ಇತ್ತು, ತೇವ ಇತ್ತು, ಮೂರು ಸಾಲಿನ ಲೆಕ್ಕ ಇತ್ತು. ಶನಿವಾರದ ಆ ಮಾತಿಗೆ ಯಾವ ಮಳೆಯೂ ಇರಲಿಲ್ಲ. ಅದು ಅವನೊಳಗೆ ಮೊದಲೇ ಇತ್ತು, ಬಾಯಿ ತೆರೆದ ಕೂಡಲೇ ಹೊರಗೆ ಬಂದಿತ್ತು. ಹದಿಮೂರು ಮಂದಿ ಕಾಯುತ್ತಿದ್ದರು. ಸೀತಾರಾಮ ಗಡಿಯಾರ ನೋಡಿಕೊಂಡ.

"ಇಂಥವರ ಕೈ ಅಂದಿದ್ದೆ," ಎಂದ ಅಣವೀರಪ್ಪ. ಈ ಸಲ ಕೂಗಲು ಆಗಲಿಲ್ಲ. "ಜಾತಿ ಹಿಡದು ಅಂದಿದ್ದೆ. ಬೋರ್ಡ್ ಕೆಟ್ಟಿರಲಿ, ಬಿಡಲಿ, ಆ ಮಾತು ಹೊಲಸು. ಬೂದಿಗಿಂತ ಹೊಲಸು. ನನ್ನ ಬಾಯಾಗಿಂದ ಬಂತು. ತಪ್ಪು ನಂದು, ಇಂದ್ರಾಬಾಯಿ."

ಅವಳು ಆಗಲಿ ಎನ್ನಲಿಲ್ಲ, ಇರಲಿ ಬಿಡ್ರಿ ಎನ್ನಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು, ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ತನ್ನ ಜಾಗದಲ್ಲಿ ಕೂತು, ಚಿಪ್ಪಿನ ಡಬ್ಬಿಯ ಮುಚ್ಚಳ ತೆಗೆದಳು. ಅಣವೀರಪ್ಪ ಅವಸರದಿಂದ ಟೇಬಲ್ಲಿನ ಮೇಲಿದ್ದ ಮೊದಲ ಬೋರ್ಡನ್ನು ಅವಳ ಮುಂದೆ ಸರಿಸಿದ.

ಅವಳು ಅದನ್ನು ಮುಟ್ಟಲಿಲ್ಲ. ಒಂದು ಬೆರಳಿನಿಂದಲೂ ಮುಟ್ಟದೆ, ತಲೆಯೆತ್ತದೆ ಹೇಳಿದಳು: "ಇದನ್ನ ನೀವು ಮುಟ್ಟೀರಿ. ತೊಳದದ್ದು ಕೊಡ್ರಿ."